ಪಕ್ಕದ ಸಾಲು

"ಅಪ್ಪಾ, ಒತ್ತಬೇಡಿ!" ಮಗಳು ಡಿಸ್ಕ್ ಯಂತ್ರದ ಗುಂಡಿಯ ಮೇಲಿದ್ದ ಅವರ ಬೆರಳನ್ನು ಹಿಡಿದುಕೊಂಡಳು. ತೀರಿಹೋದ ಅಮ್ಮನ ದನಿಯನ್ನು ತುಂಬಿ ಆ ಡಿಸ್ಕನ್ನು ತಂದುಕೊಟ್ಟವಳು ಅವಳು. ಅದರೊಳಗೆ ದನಿಯನ್ನು ಸಾಲುಸಾಲಾಗಿ ಬರೆಯುವ, ಸಾಸಿವೆಗಿಂತ ಸಣ್ಣ ಹೆಡ್ಡನ್ನು ರೂಪಿಸಿದವಳೂ ಅವಳೇ. ಆ ಹೆಡ್ಡಿನ ಕಾಂತಬಲ ಅತಿಯಾಗಿದೆ, ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ಬರೆದರೆ ಪಕ್ಕದ ಸಾಲು ಅಳಿಸಿಹೋಗುತ್ತದೆ ಎಂದು ಇವತ್ತಷ್ಟೇ ಪರೀಕ್ಷೆಯಲ್ಲಿ ಗೊತ್ತಾಗಿತ್ತು.

"ಇದರಲ್ಲಿ ಏನಾದ್ರೂ ತುಂಬಿದ್ರಾ?"

"ದಿನಾ ಅವಳ ಮಾತು ಕೇಳಿ ಪಕ್ಕದಲ್ಲೇ ನನ್ನ ಉತ್ತರ ತುಂಬ್ತೀನಿ. ನಿನ್ನೆಯದರ ಮೇಲೇ ಇವತ್ತಿನದು," ಅಪ್ಪ ನಕ್ಕರು. "ಬದುಕಿದ್ದಾಗ ಬಾಯಿ ತೆರೆಯೋಕೆ ಬಿಟ್ಟಿದ್ಲಾ?"

ಮಗಳು ಅಮ್ಮನ ದನಿ ಹಾಕಿದಳು. "ರೀ, ನನ್ನ ಮಾತು ಸ್ವಲ್ಪ..." ಎಂಬಲ್ಲಿಗೆ ಅದು ನಿಂತುಹೋಯಿತು.

"ನಿನ್ನೆ ತನಕ ಪೂರ್ತಿ ಹೇಳ್ತಿದ್ಲಲ್ಲ..." ಅಪ್ಪನ ಮುಖ ಇಳಿಯಿತು. "ನಾನೇ ಜಾಸ್ತಿ ಮಾತಾಡಿಬಿಟ್ನಾ, ಮಗಾ?"

ತಪ್ಪು ತನ್ನ ಹೆಡ್ಡಿನದು ಎನ್ನದೆ ಅವಳು ಡಿಸ್ಕಿನ ತಂತಿ ಕಿತ್ತಳು.