ಸಕ್ರಿ ಡಬ್ಬಿಯ ಪದ

ಜನಪದ ಗಾಯಕ ಯಮನೂರಪ್ಪನ ಮೊದಲ ಕಾರ್ಯಕ್ರಮ. ವೇದಿಕೆ ಮೇಲೆ ಕೂತವನು ಮುಂದಿನ ಸಾಲು ನೋಡಿದ. ಅಲ್ಲಿ ಅತ್ತೆ ಕೂತಿದ್ದಳು, ಪಕ್ಕದಲ್ಲಿ ಅವನ ಹಡೆದವ್ವ.

ಅವನು ಕಟ್ಟಿದ್ದು ಒಂದೇ ಪದ, ಸಕ್ರಿ ಡಬ್ಬಿಗೆ ಕೀಲಿ ಹಾಕುವ ಜಿಪುಣ ಮುದುಕಿಯದು. ಮುದುಕಿ ಅಂದರೆ ಅತ್ತೆಯೇ. ಅದನ್ನು ಕಟ್ಟಲು ಮೂರು ವರ್ಷ ಅವಳ ಮನೆಯ ಸಪ್ಪೆ ಚಹಾ ಕುಡಿದಿದ್ದ. ಮುಂದಿದ್ದ ಹಾರ್ಮೋನಿಯಂ ಪೆಟ್ಟಿಗೆ ಕೂಡ ಅವಳದೇ, ಎರವಲು.

"ಅದನ್ನ ಹಾಡಬ್ಯಾಡ್ರಿ," ಹಿಂದೆ ತಾಳ ಹಿಡಿದಿದ್ದ ಹೆಂಡತಿ ಪಿಸುಗುಟ್ಟಿದಳು. "ನಮ್ಮವ್ವ ಪೆಟ್ಟಿಗಿ ಕಸಗೊಂಡ ಹೊಕ್ಕಾಳ."

"ಮತ್ತ ಬ್ಯಾರೆ ಪದ ಎಲ್ಲೈತಿ?"

ಬೆವರುತ್ತಲೇ ಹಾಡಿದ. ಜನ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಪದ ಮುಗಿದದ್ದೇ ಎದ್ದು, ಸೊಂಟದ ಕೀಲಿಗೊಂಚಲು ಸದ್ದು ಮಾಡುತ್ತ ನೆಟ್ಟಗೆ ವೇದಿಕೆ ಹತ್ತಿದಳು. ಯಮನೂರಪ್ಪ ಹಾರ್ಮೋನಿಯಂ ಅಪ್ಪಿಕೊಂಡು ಕಣ್ಣು ಮುಚ್ಚಿದ.

ಹೆಗಲ ಮೇಲೆ ಏನೋ ಬಿತ್ತು. ಕಣ್ಣು ಬಿಟ್ಟರೆ ಟವೆಲ್, ಯಾರದೋ ಮದುವೆಯಲ್ಲಿ ಬಂದದ್ದು. ಅತ್ತೆ ಮೈಕು ಹಿಡಿದಿದ್ದಳು.

"ಅಳ್ಯಾ ಅಂದ್ರ ಹಿಂಗಿರಬೇಕ್ರಿ. ಹಡದವ್ವ ಎದುರಿಗೆ ಕುಂತಾಳಂತ ಹೆದರಲಿಲ್ಲ, ಆಕಿ ಗುಣ ಇದ್ದದ್ದ ಇದ್ದಾಂಗ ಹಾಡ್ಯಾರ."