ದೊರೆ ಪೆಟ್ಟಿಗೆಯ ಗಾಜು

"ಅಯ್ಯೋ, ಒರೆಸಬೇಡಿ! ಒರೆಸಬೇಡಿ ಅಂತೀನಿ!"

ಪುಟ್ಟರಾಜು ಕೂಗಿದ ರಭಸಕ್ಕೆ ರಮ್ಯಳ ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗೆ ಬಿತ್ತು. ಪುಣ್ಯಕ್ಕೆ ಇನ್ನೊಂದು ಕೈಯಲ್ಲಿದ್ದ ಗಾಜು ಬೀಳಲಿಲ್ಲ. ಪಾಂಡವಪುರದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ಈ ಮನುಷ್ಯ ಅರಕೆರೆಗೆ ಬಂದದ್ದು ಗೃಹಪ್ರವೇಶದ ಆಲ್ಬಂ ಕೊಟ್ಟುಹೋಗಲಿಕ್ಕೆ. ಕೊಟ್ಟಾಗಿತ್ತು, ಮಜ್ಜಿಗೆ ಕುಡಿದಾಗಿತ್ತು, ಇನ್ನೇನು ಬೈಕು ಹತ್ತಬೇಕು. ಅಷ್ಟರಲ್ಲಿ, ಹಳೇ ಮನೆಯ ಅಟ್ಟದ ಸಾಮಾನನ್ನು ಜಗಲಿಯ ಮೇಲೆ ಗುಡ್ಡೆ ಹಾಕಿಕೊಂಡು ಕೂತಿದ್ದ ಆ ಮನೆಯ ಸೊಸೆ ರಮ್ಯ, ಅಂಗೈಯಗಲದ ಗಾಜೊಂದನ್ನು ಎತ್ತಿ ಅದರ ಕೊಳೆಗೆ ಮುಖ ಸಿಂಡರಿಸಿದ್ದಳು.

ಪುಟ್ಟರಾಜು ಗಾಜನ್ನು ಅಂಚಿನಲ್ಲಿ ಹಿಡಿದು ಆಕಾಶಕ್ಕೆ ಎತ್ತಿದ. ಬೂದು ಮಂಕಿನ ನಡುವೆ ಒಂದು ಆಕಾರವಿತ್ತು. ಬೆಳ್ಳಗಿರಬೇಕಾದ ರುಮಾಲು ಕಪ್ಪಗೆ, ಕಪ್ಪಗಿರಬೇಕಾದ ಕಣ್ಣು ಬೆಳ್ಳಗೆ! ಜಗಲಿಯ ಮೂಲೆಯಲ್ಲಿ ಕೂತಿದ್ದ ಅಜ್ಜಿಯತ್ತ ತಿರುಗಿದ.

"ಅಜ್ಜೀ, ಇದು ನಿಮ್ಮನೆಗೆ ಹೇಗೆ ಬಂತು?"

ಎಂಬತ್ತು ದಾಟಿದ ಕುಳ್ಳಮ್ಮ ಬಾಯೊಳಗಿನ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದಳು. "ನಮ್ಮತ್ತೆ ಮಡಗಿದ್ದು ಕಣಪ್ಪ. ಬಿಸಾಕ್‌ಬ್ಯಾಡ ಅಂದಿದ್ಲು, ಯಾಕೆ ಅಂತ ಏಳ್ದೇನೇ ಸತ್ತೋದ್ಲು. ನಮ್ಮನೆ ಹಿರೀಕ ಚಿಕ್ಕಮಾದಯ್ಯ ಅಂತಿದ್ನಂತೆ. ಆಗ ನಿಮ್ಮ ಪಾಂಡವಪುರದಾಗೆ ಬಿಳೀ ದೊರೆಗಳ ದಂಡು ಇತ್ತಲ್ಲ, ಅಲ್ಲಿ ಯಾವನೋ ದೊರೆ ಪೆಟ್ಟಿಗೆಗೆ ನೀರು ಹೊರ್ತಿದ್ನಂತೆ."

"ಪೆಟ್ಟಿಗೆಗೆ ನೀರಾ?" ರಮ್ಯ ಕಿಸಕ್ಕನೆ ನಕ್ಕಳು. "ಪೆಟ್ಟಿಗೆಗೂ ಬಾಯಾರ್ತದಾ ಅತ್ತೆ?"

"ಬಾಯಾರ್ತದೆ ಕಣಮ್ಮ, ಬಾಯಾರ್ತದೆ!" ಪುಟ್ಟರಾಜು ಕುಣಿಯುವುದೊಂದು ಬಾಕಿ. "ಅದು ಫೋಟೊ ಪೆಟ್ಟಿಗೆ! ಆವಾಗ ಫಿಲಂ ಎಲ್ಲಿತ್ತು? ಇಂಗ್ಲೆಂಡಿನೋರು ಗಾಜಿಗೆ ಮದ್ದು ಬಳಿದು, ಅದು ಒಣಗೋದ್ರೊಳಗೆ ಫೋಟೊ ತೆಗೆದು, ಅಲ್ಲೇ ಗುಡಾರದಾಗೆ ತೊಳೀಬೇಕಿತ್ತು. ಪಕ್ಕದಲ್ಲಿ ನೀರಿಲ್ಲ ಅಂದ್ರೆ ಫೋಟೊನೇ ಇಲ್ಲ. ನೂರೈವತ್ತು ವರ್ಷದ ಮೇಲಿನ ಮಾತಮ್ಮ ಇದು!"

ಈ ಹುಚ್ಚು ಅವನಿಗೆ ಇಂದು ನಿನ್ನೆಯದಲ್ಲ. ಮದುವೆ ಮುಂಜಿಯ ಫೋಟೊ ತೆಗೆದು ಹೊಟ್ಟೆ ಹೊರೆಯುತ್ತಿದ್ದರೂ ಮನಸ್ಸೆಲ್ಲ ದೊರೆಗಳ ಕಾಲದ ಚಿತ್ರಗಳ ಮೇಲೆ. ಗುಜರಿ ಅಂಗಡಿ, ಹಳೇ ಬಂಗಲೆ, ಎಲ್ಲೆಲ್ಲೋ ತಡಕಿ ಪೆಟ್ಟಿಗೆ ತುಂಬಾ ಕಾಗದದ ಚಿತ್ರ ಕೂಡಿಹಾಕಿದ್ದ. ಗಾಜಿನ ಚಿತ್ರಗಳನ್ನು ಮಾತ್ರ ಲಂಡನ್ನಿನ ಹರಾಜಿನವರು ಹಾಕಿದ್ದನ್ನು ಫೋನಿನಲ್ಲಿ ನೋಡಿ ಬಾಯಿ ಚಪ್ಪರಿಸಿದ್ದಷ್ಟೇ. ಈಗ ಅಂಥದೊಂದು, ಅದೂ ತನ್ನ ಊರಿನಲ್ಲೇ ತೆಗೆದದ್ದು, ಕೈಯಲ್ಲೇ ಇದೆ!

"ಅಜ್ಜೀ... ಇದನ್ನ ನನಗೆ ಕೊಡ್ತೀರಾ?"

"ಅದ್ಕೇನಂತೆ, ತಗೊಂಡೋಗು. ಮಂಕು ಗಾಜು, ಮಡೀಕಂಡು ನಾವೇನ್ ಮಾಡಾನೆ? ನಿಂಗೆ ಸಂತೋಸ ಆದ್ರೆ ಸಾಕು."

ಎರಡನೇ ಮಾತಿಲ್ಲ! ಪುಟ್ಟರಾಜು ಗಾಜನ್ನು ಕರ್ಚೀಫಿನಲ್ಲಿ ಸುತ್ತಿ, ಹೂವಿನಂತೆ ಬ್ಯಾಗಿಗಿಳಿಸಿ ಜಿಪ್ ಎಳೆದ. ಸುಮ್ಮನೆ ಗಾಡಿ ಚಾಲೂ ಮಾಡಿಕೊಂಡು ಹೋಗಿದ್ದರೆ ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಆದರೆ ಹಾಳು ಖುಷಿ ಯಾರಪ್ಪನ ಮಾತು ಕೇಳುತ್ತದೆ? ಒಳಗೆ ಇಟ್ಟುಕೊಳ್ಳಲಾಗದೆ ಒದ್ದಾಡಿದ. ಕೀಲಿ ತಿರುಗಿಸಿದವನು ಮತ್ತೆ ಕೆಳಗಿಳಿದ.

"ಬನ್ನಿ ಅಜ್ಜೀ, ಬಾಮ್ಮ ನೀನೂ! ಒಂದು ಮ್ಯಾಜಿಕ್ ತೋರಿಸ್ತೀನಿ. ಈ ಗಾಜಿನ ಹಿಂದೆ ಮೊದಲು ಕಪ್ಪು ಬಣ್ಣ ಇತ್ತು, ಉದುರಿಹೋಗಿದೆ. ಅದ್ಕೇ ನಿಮಗೆ ಮಂಕು ಕಾಣೋದು. ಕಪ್ಪು ಕೊಟ್ಟರೆ ನೋಡಿ ಏನಾಯ್ತದೆ!"

ಬೈಕು ಹೊಂಗೆಮರದ ನೆರಳಲ್ಲಿತ್ತು. ಕರ್ಚೀಫು ಬಿಚ್ಚಿ, ಗಾಜನ್ನು ಮೆಲ್ಲಗೆ ಅದರ ಕರೀ ಸೀಟಿನ ಮೇಲೆ ಮಲಗಿಸಿದ.

ಮಂಕು ಮಾಯ. ರುಮಾಲು ಬೆಳ್ಳಗೆ ಹೊಳೆಯಿತು. ಹೆಗಲ ಮೇಲೊಂದು ತೊಗಲಿನ ಚೀಲ, ಬರಿಗಾಲು, ಅಲುಗಬೇಡ ಅಂದದ್ದಕ್ಕೋ ಏನೋ ಬಿಗಿಹಿಡಿದ ತುಟಿ. ಕಣ್ಣಂತೂ ನೇರ ಇವರನ್ನೇ ನೋಡುತ್ತಿತ್ತು.

"ಅವ್ವಯ್ಯಾ!" ರಮ್ಯ ಎರಡು ಹೆಜ್ಜೆ ಹಿಂದೆ ಸರಿದಳು. "ಅತ್ತೆ, ಯಾರೋ ಇದ್ದಾನೆ ಒಳಗೆ!"

"ಯಾರೋ ಅಲ್ಲಮ್ಮ, ನೀರಿನ ಚೀಲ ನೋಡು! ನಿಮ್ಮ ಚಿಕ್ಕಮಾದಯ್ಯನೇ ಇವ್ನು!" ಪುಟ್ಟರಾಜು ಗೆದ್ದವನಂತೆ ಚಪ್ಪಾಳೆ ತಟ್ಟಿದ.

ಕುಳ್ಳಮ್ಮ ಸೀಟಿನ ಮೇಲೆ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು.

"ಅಯ್ಯೋ ನನ್ನಪ್ಪಾ... ಇವ್ನಿಗೆ ಇನ್ನೂ ಮೀಸೇನೇ ಬಂದಿಲ್ವಲ್ಲೋ! ಹಿರೀಕ, ಮುತ್ತಾತ ಅಂದ್ಕಂಡು ನಾನು ವರ್ಸಾ ವರ್ಸಾ ಪಿತೃಪಕ್ಸದ ಎಡೆಗೆ ಹೆಂಡ, ಹೊಗೆಸೊಪ್ಪು ಮಡಗಿ ಅಡ್ಡಬೀಳ್ತಿದ್ನಲ್ಲೋ! ಈ ಎಳೇ ಮೊಕಕ್ಕೆ ಒಂದು ಕಜ್ಜಾಯ ಇಕ್ಕಿದ್ರೆ ಆಗಿರಾದು. ಎಷ್ಟು ನೀರು ಹೊರ್ಸಿದ್ರೋ ಏನೋ, ನೋಡು, ಹೆಗ್ಲು ಎಂಗೆ ಜಗ್ಗೈತೆ."

ಅಜ್ಜಿ ಸುಕ್ಕುಗಟ್ಟಿದ ಎರಡೂ ಕೈಗಳನ್ನು ಆ ಮುಖದ ಮೇಲಿಂದ ಇಳಿಸಿ, ತನ್ನ ಕಣತಲೆಗೊತ್ತಿಕೊಂಡು ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಪುಟ್ಟರಾಜುವಿನ ಚಪ್ಪಾಳೆ ಅಲ್ಲಿಗೇ ನಿಂತಿತು. ಥೂ ನನ್ನ ಬಾಯಿಗಿಷ್ಟು, ಎಂದು ತನ್ನನ್ನೇ ಬೈದುಕೊಂಡ. ಆದರೂ ಆಸೆ ಬಿಡಬೇಕಲ್ಲ.

"ಅಜ್ಜೀ," ಎಂದು ಮೆಲ್ಲಗೆ ರಾಗ ಎಳೆದ, "ಆಗಲೇ ಕೊಟ್ಟಿದ್ರಲ್ಲ..."

ಕುಳ್ಳಮ್ಮ ಸೀಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಗಾಜು ಅಂತ ಕೊಟ್ಟಿದ್ದೆ ಕಣಪ್ಪ. ಮಗೀನ ಯಾರಾದ್ರೂ ಕೊಟ್ಟಾರಾ?"