ಪಟ್ಟಿಯಲ್ಲಿ ಇಲ್ಲದ ಟೇಪು

ಅಮೆರಿಕದ ಡೆಟ್ರಾಯಿಟ್ ನಗರದ ಒಂದು ಹಳೆಯ ಚರ್ಚ್. ಅದರ ನೆಲಮಾಳಿಗೆಯ ತುಂಬ ರಟ್ಟಿನ ಪೆಟ್ಟಿಗೆಗಳು...

ಐವತ್ತು ವರ್ಷಗಳ ಹಿಂದೆ ಕಪ್ಪು ಜನರ ಬಿಡುಗಡೆಗಾಗಿ ಹೋರಾಡಿದವರ ಕರಪತ್ರ, ಫೋಟೋ, ಜೈಲಿನಿಂದ ಬರೆದ ಕಾಗದ, ಸಭೆಗಳ ಟೇಪು... ಎಲ್ಲವೂ ಅಲ್ಲಿದ್ದವು.

ಅವನ್ನು ಕಾಪಾಡುತ್ತಿದ್ದವರು ಅರ್ನೆಸ್ಟೀನ್ ಎಂಬ ಎಪ್ಪತ್ತೆಂಟರ ಅಜ್ಜಿ. ಪ್ರಾಯದಲ್ಲಿ ಅದೇ ಹೋರಾಟದ ಒಂದು ಗುಂಪಿಗೆ ಕಾರ್ಯದರ್ಶಿಯಾಗಿದ್ದವರು. ಬಡಮಕ್ಕಳಿಗೆ ದಿನಾ ಬೆಳಿಗ್ಗೆ ಉಚಿತ ತಿಂಡಿ ಕೊಡುತ್ತಿದ್ದ ಗುಂಪು ಅದು. ಯಾರ ಹೆಸರು ಕೇಳಿದರೂ ಪಟ್ಟಿ ನೋಡಿ, ಐದೇ ನಿಮಿಷದಲ್ಲಿ ಪೆಟ್ಟಿಗೆ ತಂದಿಡುತ್ತಿದ್ದರು.

ಒಂದು ಸೋಮವಾರ ಅರವತ್ತರ ಹತ್ತಿರದ ಹೆಂಗಸೊಬ್ಬಳು ಬಂದಳು. ಹೆಸರು ಯೋಲಾಂಡ.

"ಮೇಡಂ, ರೂಫಸ್ ಅಂತ ನಮ್ಮಪ್ಪ. ನಿಮ್ಮ ಗುಂಪಲ್ಲಿದ್ರು. ಅವರದ್ದು ಏನಾದ್ರೂ ಸಿಗುತ್ತಾ?"

ಅಜ್ಜಿಯ ಬೆರಳು ಪಟ್ಟಿಯ ಮೇಲೆ ನಿಂತುಬಿಟ್ಟಿತು.

"ಆ ಹೆಸರಲ್ಲಿ ಏನೂ ಇಲ್ಲಮ್ಮ."

ಅದು ಸುಳ್ಳು...

ರೂಫಸ್‌ನನ್ನು ಅವರು ಮರೆತಿರಲಿಲ್ಲ. 1971ರಲ್ಲಿ ಪೊಲೀಸರು ನಡುಹಗಲಲ್ಲಿ ದಾಳಿ ಮಾಡಿ ಗುಂಪಿನ ಆರು ಜನರನ್ನು ಹಿಡಿದೊಯ್ದಿದ್ದರು. ಒಂದು ವಾರದ ಮೇಲೆ ಸಹಿಯಿಲ್ಲದ ಕಾಗದವೊಂದು ಬಂತು. 'ನಿಮ್ಮೊಳಗಿನ ಗೂಢಚಾರ ರೂಫಸ್.'

ಅದನ್ನು ತುಂಬಿದ ಸಭೆಯಲ್ಲಿ ಓದಿದವರು ಇದೇ ಅರ್ನೆಸ್ಟೀನ್. ಆ ಸಭೆಯನ್ನು ಟೇಪು ಮಾಡಿದವರೂ ಅವರೇ.

ಆ ಟೇಪನ್ನು ಮಾತ್ರ ಅವರು ಪಟ್ಟಿಗೆ ಸೇರಿಸಲೇ ಇಲ್ಲ. ದ್ರೋಹಿಗೆ ಇಲ್ಲಿ ಜಾಗ ಯಾಕೆ ಎಂದು ತಮ್ಮ ಮೇಜಿನ ಕೆಳಗಿನ ಡ್ರಾಯರ್‌ಗೆ ಹಾಕಿ ಬೀಗ ಜಡಿದಿದ್ದರು.

ಯೋಲಾಂಡ ವಾಪಸ್ ಹೋಗಲಿಲ್ಲ. "ಪರವಾಗಿಲ್ಲ, ನಾನೇ ಹುಡುಕ್ತೀನಿ" ಎಂದು ಕೂತಳು.

ಮೂರು ದಿನ... ಒಂದೊಂದೇ ಪೆಟ್ಟಿಗೆ ಬಿಚ್ಚಿದಳು. ಪ್ರತಿ ಹಾಳೆಯನ್ನೂ ತಿರುವಿದಳು. ಅಜ್ಜಿಗೆ ಅನ್ನ ಸೇರಲಿಲ್ಲ. ತಮ್ಮ ಕುರ್ಚಿ ಬಿಟ್ಟು ಏಳಲೂ ಇಲ್ಲ.

ಮೂರನೆಯ ದಿನ ಸಂಜೆ ತಡೆಯಲಾಗಲಿಲ್ಲ. "ಇಷ್ಟೊಂದು ಯಾಕಮ್ಮ ಹುಡುಕ್ತೀಯ? ನಿಮ್ಮಪ್ಪ ಎಂಥವನು ಅಂತ ಗೊತ್ತಾ ನಿಂಗೆ?"

ಯೋಲಾಂಡ ಬ್ಯಾಗಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟಳು. ಹಳೆಯ ಪೊಲೀಸ್ ಕಡತದ ನಕಲು. ಹನ್ನೊಂದು ವರ್ಷ ಅರ್ಜಿ ಹಾಕಿ ಹಾಕಿ ಪಡೆದದ್ದು.

ಅಜ್ಜಿ ಕನ್ನಡಕ ಹಾಕಿಕೊಂಡು ಓದಿದರು.

'ಈತನನ್ನು ಮೂರು ಸಲ ಕರೆಸಿ ವಿಚಾರಿಸಲಾಯಿತು. ಒಂದು ಹೆಸರನ್ನೂ ಹೇಳಲಿಲ್ಲ. ಅವನವರೇ ಅವನನ್ನು ಅನುಮಾನಿಸುವಂತೆ ಒಂದು ಕಾಗದ ಬರೆದು ಕಳಿಸಲಾಗಿದೆ.'

ಮತ್ತೆ ಓದಿದರು... ಇನ್ನೊಮ್ಮೆ ಓದಿದರು...

"ಸಭೆಯಿಂದ ಹೊರಗೆ ಹಾಕಿದ ಮೇಲೆ ಅಪ್ಪನ ಜೊತೆ ಯಾರೂ ಮಾತಾಡಲಿಲ್ವಂತೆ" ಎಂದಳು ಯೋಲಾಂಡ. "ಎರಡೇ ವರ್ಷಕ್ಕೆ ತೀರಿಕೊಂಡ್ರು. ಆಗ ನಂಗೆ ನಾಲ್ಕು ವರ್ಷ. ನಂಗೆ ಅವರ ದನಿನೂ ನೆನಪಿಲ್ಲ, ಮೇಡಂ. ಅದನ್ನ ಒಂದ್ಸಲ ಕೇಳಬೇಕು... ಅಷ್ಟೇ."

ಆ ಟೇಪಿನಲ್ಲಿ ಏನಿದೆ ಎಂದು ಗೊತ್ತಿದ್ದವರಲ್ಲಿ ಇನ್ನೂ ಬದುಕಿದ್ದವರು ಅಜ್ಜಿಯೊಬ್ಬರೇ. ಡ್ರಾಯರ್ ತೆಗೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಆದರೂ ಬೀಗ ತೆಗೆದರು.

ಟೇಪು ಅಂಟಿಕೊಂಡು ಹೋಗಿತ್ತು. ಹಾಗೇ ಓಡಿಸಿದರೆ ಅದರ ಮೇಲಿನ ಲೇಪವೇ ಕಿತ್ತು ಬರುತ್ತದೆ. ಹಣ್ಣು ಒಣಗಿಸುವ ಸಣ್ಣ ಯಂತ್ರದಲ್ಲಿಟ್ಟು ತೇವ ಆರುವಂತೆ ಎಂಟು ಗಂಟೆ ಹದವಾಗಿ ಬಿಸಿ ಮಾಡಬೇಕು.

"ಒಂದ್ಸಲ ಓಡಬಹುದು. ಇನ್ನೊಂದ್ಸಲ ಓಡುತ್ತೆ ಅಂತ ಹೇಳಕ್ಕಾಗಲ್ಲ" ಎಂದರು ಅಜ್ಜಿ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟರು. ಸಂಜೆ ಐದರವರೆಗೆ ಇಬ್ಬರೂ ಆ ಯಂತ್ರವನ್ನೇ ನೋಡುತ್ತ ಕೂತರು.

ದನಿಯ ನಕಲು ಸಿಗಲೆಂದು ಕಂಪ್ಯೂಟರಿಗೆ ವೈರ್ ಜೋಡಿಸಿ ಟೇಪು ಓಡಿಸಿದರು. ಮೊದಲು ಬರೀ ಸರಸರ ಸದ್ದು... ಒಮ್ಮೆ ಕಿರ್ ಎಂದು ಕಿರುಚಿತು. ಅಜ್ಜಿ ಬೆರಳಿನಿಂದ ಚಕ್ರವನ್ನು ಮೆಲ್ಲಗೆ ತಡೆದು ಬಿಟ್ಟರು.

ಆಮೇಲೆ ಒಂದು ಹೆಣ್ಣುದನಿ ಕಾಗದ ಓದಿತು. ಗಲಾಟೆ ಎದ್ದಿತು. ಅದರ ನಡುವೆ ಒಂದು ಗಂಡುದನಿ... ತಗ್ಗಿದ, ನಿಧಾನದ ದನಿ.

"ನನ್ನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಬೆಳಿಗ್ಗೆ ಮಕ್ಕಳ ತಿಂಡಿಗೆ ಹಾಲು ತರ್ತಿದ್ದೋನು ನಾನು. ನಾಳೆ ಯಾರು ತರ್ತೀರಿ? ಮೊದಲು ಅದನ್ನ ತೀರ್ಮಾನ ಮಾಡಿ. ಎಂಬತ್ತು ಮಕ್ಕಳು ಕಾಯ್ತಿರ್ತವೆ."

ತಕ್ಷಣವೇ ಆ ಹೆಣ್ಣುದನಿ... "ನಿನ್ನ ಹಾಲು ಯಾರಿಗೂ ಬೇಡ. ಹೊರಗೆ ನಡಿ."

ಬಾಗಿಲು ಮುಚ್ಚಿದ ಸದ್ದು. ಟೇಪು ಮುಗಿಯಿತು.

ಯೋಲಾಂಡಳ ಕಣ್ಣಿಂದ ನೀರು ಸುರಿಯುತ್ತಿತ್ತು. "ಆ ಹೆಂಗಸು ಯಾರು, ಮೇಡಂ?"

"ನಾನು."

ಯೋಲಾಂಡ ಕಣ್ಣೊರೆಸಿಕೊಂಡಳು.

"ಇದನ್ನ ನೀವು ಯಾವತ್ತೋ ಸುಟ್ಟು ಹಾಕಬಹುದಿತ್ತು."

"ಹೌದಮ್ಮ. ನಿನ್ನೆ ಆ ಹಾಳೆ ಓದಿದಾಗಲೂ ಮನಸ್ಸಿಗೆ ಬಂತು. ಆದ್ರೆ ನನ್ನ ದನಿ ಅಳಿಸಕ್ಕೆ ಹೋದ್ರೆ ಅವನ ದನಿನೂ ಹೋಗುತ್ತೆ. ಒಂದ್ಸಲ ಅವನನ್ನ ಹೊರಗೆ ಹಾಕಿದ್ದೀನಿ. ಎರಡನೇ ಸಲ ನನ್ನ ಕೈಲಾಗಲಿಲ್ಲ."

ಯೋಲಾಂಡ ಬ್ಯಾಗು ಎತ್ತಿಕೊಂಡು ಹೊರಟುಹೋದಳು.

ಅಂದೇ ಅಜ್ಜಿ ಆ ದನಿಯ ನಕಲನ್ನು ಅವಳಿಗೆ ಕಳಿಸಿ, ಪಟ್ಟಿ ತೆರೆದು ಬರೆದರು. 'ರೂಫಸ್. ಸುಳ್ಳು ಆರೋಪಕ್ಕೆ ಗುರಿಯಾದವನು. ಆರೋಪ ಓದಿದವಳು, ಅವನನ್ನು ಹೊರಗೆ ಹಾಕಿದವಳು: ಅರ್ನೆಸ್ಟೀನ್.' ಯಾರ ಹೆಸರು ಹುಡುಕಿದರೂ ಇನ್ನೊಬ್ಬರ ಹೆಸರು ಸಿಗುವಂತೆ ಎರಡು ಕಡೆಯೂ ಬರೆದರು.

ಹತ್ತು ದಿನ ಕಳೆದ ಮೇಲೆ ಒಂದು ಫೋನ್ ಬಂತು.

"ಭಾನುವಾರ ನಮ್ಮನೇಲಿ ಎಲ್ಲಾ ಸೇರ್ತಿದ್ದೀವಿ. ಮೊಮ್ಮಕ್ಕಳಿಗೆ ಅಪ್ಪನ ದನಿ ಕೇಳಿಸ್ತೀನಿ." ಎಂದಳು ಯೋಲಾಂಡ. "ನೀವು ಬರಬೇಕು. ಅವರು ಹೇಗಿದ್ರು ಅಂತ ಹೇಳಕ್ಕೆ ಬದುಕಿರೋರು ನೀವೊಬ್ಬರೇ."

ಅಜ್ಜಿ ಪಟ್ಟಿಯಲ್ಲಿ ರೂಫಸ್‌ನ ಹೆಸರಿದ್ದ ಪುಟ ತೆರೆದರು.

"ಬರ್ತೀರಾ?" ಎಂದಳು ಯೋಲಾಂಡ ಮತ್ತೆ.

"ಬರ್ತೀನಮ್ಮ."

*ನಮ್ಮ ತಪ್ಪನ್ನು ಬಚ್ಚಿಟ್ಟು ಕಾಪಾಡಿದ ಇತಿಹಾಸದಲ್ಲಿ, ಇನ್ನೊಬ್ಬರ ಸತ್ಯವೂ ಬೀಗದೊಳಗೇ ಉಳಿಯುತ್ತದೆ.*

ಯಾರೋ ಹೇಳಿದ ಮಾತು ನಂಬಿ ನೀವು ಬಾಗಿಲು ಮುಚ್ಚಿದ ಒಬ್ಬರು ಇದ್ದಾರಾ... ಅವರ ಮಾತನ್ನು ಪೂರ್ತಿ ಕೇಳಿದ್ದೀರಾ?